ಗುರುತು ಹೇಳಿ

ರೀಗಾದ ಟ್ರಾಮ್ ಡಿಪೋದಲ್ಲಿ
ಕಳೆದ ವಸ್ತುಗಳ ಕಿಟಕಿಯ ಹಿಂದೆ ನಾನು ಕೂತು
ಬರುವ ಮಾರ್ಚಿಗೆ ಹತ್ತೊಂಬತ್ತು ವರ್ಷ.
ಇರುವುದೊಂದೇ ಪ್ರಶ್ನೆ ನನ್ನ ಬಳಿ:
ಗುರುತು ಹೇಳಿ.

ಹೇಳಲಾರರು.

ಛತ್ರಿ ಕಪ್ಪು, ಅನ್ನುತ್ತಾರೆ.
ಹಿಂದಿನ ಕಂಬಿಯಲ್ಲಿ ನಲವತ್ತೊಂದು ಕಪ್ಪು ಛತ್ರಿಗಳು
ಬಾವಲಿಗಳ ಹಾಗೆ ಜೋತು ಕೇಳಿಸಿಕೊಳ್ಳುತ್ತವೆ.
ಹಿಡಿ ಮರದ್ದೋ, ಪ್ಲಾಸ್ಟಿಕ್ಕೋ?
ಗುಂಡಿ ಒತ್ತಿದರೆ ಬಿಚ್ಚುತ್ತದೋ, ದೂಡಬೇಕೋ?
ಮನುಷ್ಯ ಬಾಯಿ ತೆರೆದು ಚಾವಣಿ ನೋಡುತ್ತಾನೆ.
ಅಷ್ಟರಲ್ಲಿ ಅವನ ಬಲಗೈ, ಅವನನ್ನು ಕೇಳದೆಯೇ,
ಗಾಳಿಯಲ್ಲಿ ಹೆಬ್ಬೆರಳನ್ನು ಮೇಲಕ್ಕೆ ದೂಡುತ್ತದೆ.
ನಾನು ಕೈಯ ಹೇಳಿಕೆ ಬರೆದುಕೊಳ್ಳುತ್ತೇನೆ.

ತಾಲಿವಾಲ್ದಿಸ್ ಎಂಬ ಕ್ರೇನ್ ಚಾಲಕ
ಥರ್ಮಾಸ್ ಕಳೆದುಕೊಂಡು ಬಂದ. ಹಸಿರು, ಅಂದ.
ಹನ್ನೊಂದು ವರ್ಷ ಬಂದರಿನ ನೆತ್ತಿಯ ಮೇಲೆ ಕೂತು
ಅದರಿಂದಲೇ ಕುಡಿದದ್ದು,
ಕಣ್ಣಿಗೆ ಕಟ್ಟಿದ ಹಾಗಿದೆ, ಹಸಿರು.
ನನ್ನಲ್ಲಿದ್ದದ್ದು ನೀಲಿ ಒಂದೇ.
ಮತ್ತೇನಾದರೂ? ಅಂದೆ.
ಮುಚ್ಚಳ ಎರಡೂವರೆ ಸುತ್ತಿಗೆ ಬಿಗಿಯುತ್ತದೆ,
ಇನ್ನೂ ತಿರುವಿದರೆ ಕಚ್ಚಿಕೊಂಡು ಬರುವುದಿಲ್ಲ.
ಬುಡದಲ್ಲೊಂದು ತಗ್ಗು. ಮಗಳು ಬೀಳಿಸಿದ್ದು.
ಅವತ್ತು ಅವಳಿಗೆ ಜ್ವರ.
ತಿರುವಿ ನೋಡಿದೆ. ಎರಡೂವರೆ.
ತಗ್ಗು ಅಲ್ಲೇ ಇತ್ತು, ಬಟಾಣಿ ಕಾಳು ಕೂರುವಷ್ಟು.
ನೀಲಿ ಥರ್ಮಾಸನ್ನು ಅವನು
ಯಾರದೋ ಮಗುವನ್ನು ಎತ್ತಿಕೊಂಡವನ ಹಾಗೆ ದೂರ ಹಿಡಿದು
ಯಾವಾಗಿನಿಂದ ನೀಲಿ? ಅಂದ.
ರಸೀದಿಗೆ ಸಹಿ ಹಾಕಿಸಿಕೊಂಡೆ.

ಸೀಳಿದ್ದು, ಸವೆದದ್ದು, ಅಂಟಿಸಿದ್ದು,
ಇಷ್ಟನ್ನು ಮಾತ್ರ ತಡವರಿಸದೆ ಹೇಳುತ್ತಾರೆ.
ನೆಟ್ಟಗಿದ್ದುದನ್ನು ಯಾರೂ ನೋಡಿಲ್ಲ.
ಕಣ್ಣು ಅದನ್ನು ದಾಟಿಕೊಂಡೇ
ಟೀ ಆರಿತೇ, ಮಳೆ ನಿಂತಿತೇ,
ಬಂದ ಟ್ರಾಮು ನಮ್ಮದೇ ಎಂದು ನೋಡಲು ಹೋಗಿರುತ್ತದೆ.

ಒಬ್ಬಳೇ ಒಬ್ಬಳು, ಹೋದ ಜನವರಿಯಲ್ಲಿ.
ಗಂಡಸೊಬ್ಬ ಕೈಗವಸು ಹುಡುಕಿಕೊಂಡು ಬಂದಿದ್ದ.
ಹತ್ತು ಚಳಿಗಾಲ ತೊಟ್ಟದ್ದು. ಕೆಂಪು, ಬಹುಶಃ.
ನಕ್ಷತ್ರವಿತ್ತು. ಅಥವಾ ಜಿಂಕೆಯೇನೋ.
ಅವನ ಹಿಂದೆ, ಬೂಟಿನ ಹಿಮ ಕೊಡವುತ್ತ, ಅವನ ಅತ್ತೆ.
ಸರಿ ಆಚೆ, ಎಂದು ಅಳಿಯನನ್ನು ಮೊಣಕೈಯಲ್ಲಿ ಸರಿಸಿ
ಕಣ್ಣು ಮುಚ್ಚಿ, ಗಾಜಿನ ಮೇಲೆ ಬೆರಳಿಟ್ಟು
ಎಣಿಸತೊಡಗಿದಳು:
ಬಿಳಿ ಎರಡು, ಕಡುಗೆಂಪು ಒಂದು,
ಬಿಳಿ ಎರಡು, ಬೂದು ಮೂರು,
ಮತ್ತೆ ಬಿಳಿ, ಮಣಿಕಟ್ಟಿನ ಸುತ್ತ ಹಲ್ಲುಹಲ್ಲು ಅಂಚು,
ಹೆಬ್ಬೆರಳ ಸಂದಿಯಲ್ಲಿ ಒಂದು ಕಣ್ಣಿ ತಪ್ಪಿದೆ,
ಕರೆಂಟು ಹೋಗಿತ್ತು ಆ ರಾತ್ರಿ, ಬಿಚ್ಚಲಿಲ್ಲ.
ಮೇಜಿನ ಕೆಳಗೆ, ಉಣ್ಣೆಯ ಮೇಲೆ,
ನನ್ನ ಬೆರಳೂ ಅವಳ ಜೊತೆಗೇ ನಡೆಯಿತು.
ಒಂದೂ ತಪ್ಪಲಿಲ್ಲ.
ತಪ್ಪಿದ್ದೂ ತಪ್ಪಲಿಲ್ಲ.
ಅವಳು ಅದನ್ನು ಒಮ್ಮೆಯೂ ತೊಟ್ಟವಳಲ್ಲ.

ಮಧ್ಯಾಹ್ನ ಪಕ್ಕದ ಮೇಜಿನ ಔಸ್ಮಾಳಿಗೆ ಇದನ್ನೇ ಹೇಳುತ್ತಿದ್ದೆ.
ನಿನ್ನ ಟೀ ಬಟ್ಟಲಿನ ಗುರುತು ಹೇಳು ನೋಡೋಣ,
ಅಂದಳು, ಅದನ್ನು ಬೆನ್ನ ಹಿಂದೆ ಬಚ್ಚಿಟ್ಟು.
ನಕ್ಕೆ. ಇದೂ ಒಂದು ಪ್ರಶ್ನೆಯೇ.
ಬಿಳಿ ಪಿಂಗಾಣಿ, ಬಾಯಂಚಿಗೆ ಗೆರೆ,
ಹಿಡಿಯ ಎಡಕ್ಕೆ ಒಂದು ನೀಲಿ ಹೂವು,
ಎಸಳೊಂದು ಮಾಸಿದೆ.
ಅವಳು ಕೈ ಮುಂದೆ ತಂದಳು.
ಹೂವಿಲ್ಲ. ಗೆರೆಯಿಲ್ಲ.
ಕಂದು ಬಟ್ಟಲು, ಮೈಮೇಲೆ ಡಿಪೋದ ಹೆಸರು,
ಕೆಲಸಕ್ಕೆ ಸೇರಿದ ದಿನ ಕೊಟ್ಟದ್ದು.

ಹೂವು ಎಲ್ಲಿಯದೆಂದು
ಸಂಜೆ ಸೇತುವೆ ದಾಟುವಾಗ ಹೊಳೆಯಿತು.
ಚಿಕ್ಕಮ್ಮ ವೆಲ್ತಾಳ ಮನೆ, ನನಗೆ ಏಳು ವರ್ಷ,
ಕೈಜಾರಿತು. ಚೂರುಗಳನ್ನು ಹಾಸಿಗೆಗೆ ಒಯ್ದು
ಕಂಬಳಿಯೊಳಗೆ ಟಾರ್ಚು ಹಾಕಿ
ಬೆಳಗಾಗುವ ತನಕ ಜೋಡಿಸಿ ಜೋಡಿಸಿ ನೋಡಿದ್ದು.

ಕೆಳಗೆ ದೌಗವಾ ನದಿ ಹೆಪ್ಪುಗಟ್ಟಿತ್ತು.
ತೊಡೆಯ ಮೇಲಿದ್ದ ನನ್ನ ಚೀಲವನ್ನು ನೋಡದೆ,
ಕಿಟಕಿಯಾಚೆಗೆ ಕಣ್ಣಿಟ್ಟು,
ಬೂದು, ಅಂದುಕೊಂಡೆ.
ಬೂದು, ಬಹುಶಃ.