ಮುಚ್ಚಳ ತೆಗೆಯತಕ್ಕದ್ದಲ್ಲ

ಮೇರಿ ಮಾತೆಯ ಪಕ್ಕದ ಮೊಳೆಗೆ
ಕಟ್ಟು ಹಾಕಿಸಿ ತೂಗುಬಿಟ್ಟಿದ್ದಾಳೆ ಚಿಕ್ಕಮ್ಮ ಲೆತೆಬ್ರಹಾನ್,
ಮಿಲಾನಿನಿಂದ ಕಾಫಿ ಯಂತ್ರದ ಜೊತೆ ಬಂದ ವಾರಂಟಿ ಕಾಗದ.
ನೀಲಿ ಮೊಹರು, ಯಾರದೋ ಬಾಲ ಬಿಟ್ಟ ಸಹಿ.
ಅವಧಿ ಎರಡು ವರ್ಷ.
ಮುಗಿದು ಅರವತ್ತೊಂದು ಆಯಿತು.

ಅಸ್ಮಾರಾದ ಈ ಓಣಿಯಲ್ಲಿ
ಕನ್ಯಾಸ್ತ್ರೀಯರ ಹತ್ತಿರ ಇಟಾಲಿಯನ್ ಕಲಿತವಳು ನಾನೊಬ್ಬಳೇ,
ಹಾಗಾಗಿ ಲೋಟ ತೊಳೆಯುವುದರ ಜೊತೆಗೆ
ಓದಿ ಹೇಳುವುದೂ ನನ್ನ ಪಾಲು:
'ಗಾಜು, ರಬ್ಬರು, ಹಿಡಿ, ಬಣ್ಣ, ಇವು ಸೇರಿಲ್ಲ.
ಅನ್ಯರು ಮುಚ್ಚಳ ತೆಗೆಯತಕ್ಕದ್ದಲ್ಲ.
ತೆಗೆದಲ್ಲಿ ಈ ಮಾತು ಅನೂರ್ಜಿತ.'

ಅನ್ಯರು ಅಂದರೆ ಒಕ್ಬಾಯ್.
ಎಣ್ಣೆ ಡ್ರಮ್ಮು ಒಲೆಯಾಗಿ, ಟಯರು ಚಪ್ಪಲಿಯಾಗಿ
ಮತ್ತೆ ಹುಟ್ಟುವ ಮೆದೆಬರ್ ಸಂತೆಯಿಂದ
ಸೈಕಲ್ಲಿನಲ್ಲಿ ಬರುತ್ತಾನೆ, ವರ್ಷಕ್ಕೆರಡು ಸಲ
ಮುಚ್ಚಳ ತೆಗೆಯುತ್ತಾನೆ.
ಸ್ಪ್ರಿಂಗು ಸೋತಾಗ ಲಾರಿಯ ಕ್ಲಚ್ಚಿನದು ಸಿಕ್ಕಿಸಿದ.
ಹಿಡಿ ಮುರಿದಾಗ ಆಲಿವ್ ಮರದ್ದು ಕೆತ್ತಿದ.
ಬಾಯ್ಲರು ಸೋರಿದಾಗ
ಯುದ್ಧ ಬಿಟ್ಟುಹೋದ ಶೆಲ್ಲಿನ ಹಿತ್ತಾಳೆ ಕಾಯಿಸಿ ತೇಪೆ ಬಡಿದ.
(ಶೆಲ್ಲು ಯಾವ ಕಡೆಯದು ಅಂತ ಗಿರಾಕಿಗಳು
ಒಂದಿಡೀ ಮಧ್ಯಾಹ್ನ ಜಗಳಾಡಿದರು.
ಕಾಫಿ ಏನೂ ಹೇಳಲಿಲ್ಲ.)
ಟ್ಯೂಬು ಕತ್ತರಿಸಿ ವಾಷರ್ ಮಾಡಿದ ವರ್ಷವಂತೂ
ಮೂರು ದಿನ ಲೋಟದಲ್ಲಿ ಮಸಾವಾ ರಸ್ತೆಯ ರುಚಿ.
ಮೊದಲಿನದು ಅಂತ ಈಗ ಉಳಿದಿರುವುದು
ಎದೆಯ ಮೇಲಿನ ಹೆಸರಿನ ಫಲಕ.
ಅದರಲ್ಲೂ ಎರಡಕ್ಷರ ಉದುರಿವೆ.

ಹೋದ ವರ್ಷ ಚೀಟಿ ಎತ್ತಿ
ದುಬೈಯಿಂದ ಹೊಸದು ತರಿಸಿದಳು ಚಿಕ್ಕಮ್ಮ.
ಐದು ವರ್ಷದ ವಾರಂಟಿ, ಏಳು ಭಾಷೆಗಳಲ್ಲಿ,
ನಮ್ಮದು ಒಂದೂ ಅಲ್ಲ.
ಗುಂಡಿ ಒತ್ತಿದರೆ ಕುಯ್ ಅನ್ನುತ್ತಿತ್ತು, ಮುದ್ದಿನ ಮಗುವಿನ ಹಾಗೆ.
ಹಳೆಯದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆವು.
ಹನ್ನೊಂದನೆಯ ದಿನ
ಕರೆಂಟು ಹೋಗಿ, ಬಂದು, ಮತ್ತೆ ಹೋಗಿ
ಒಮ್ಮೆಲೇ ಮೈಮೇಲೆ ಬಂದ ಹಾಗೆ ಬಂತು.
ಸುಟ್ಟ ಕೂದಲಿನ ವಾಸನೆ.

ಪತ್ರ ಬರೆದೆವು. ನಾಲ್ಕು ತಿಂಗಳಿಗೆ ಉತ್ತರ:
'ವೋಲ್ಟೇಜಿನ ಏರಿಳಿತ ಸೇರಿಲ್ಲ.
ಮೂಲ ಪೆಟ್ಟಿಗೆ ಸಮೇತ ಕಳಿಸಿದಲ್ಲಿ, ಸಾಗಣೆ ವೆಚ್ಚ ತಮ್ಮದು,
ಪರಿಶೀಲಿಸಲಾಗುವುದು.'
ಮೂಲ ಪೆಟ್ಟಿಗೆಯಲ್ಲಿ ಅಷ್ಟರೊಳಗೆ
ಬೆಕ್ಕು ಮರಿ ಹಾಕಿತ್ತು.

ಒಕ್ಬಾಯ್ ಬಂದ. ತಿರುಗಿಸೋಣವೆಂದರೆ ಸ್ಕ್ರೂ ಇಲ್ಲ,
ಎಲ್ಲ ಅಂಟು. ಬ್ಲೇಡಿನಿಂದ ಸೀಳಿದ.
ಒಳಗೊಂದು ಹಸಿರು ಹಲಗೆ, ಮೇಲಿನಿಂದ ಕಂಡ ಊರಿನ ಹಾಗೆ,
ಒಂದು ಮೂಲೆ ಕರಕಲು.
ಬಹಳ ಹೊತ್ತು ನೋಡಿದ.
'ಇದಕ್ಕೆ ಕೈಯಿಡಲು ಜಾಗವೇ ಇಟ್ಟಿಲ್ಲ' ಅಂದ,
ರೋಗಿಯ ಮನೆಯವರೊಡನೆ ಆಡುವ ದನಿಯಲ್ಲಿ.

ಆಮೇಲೆ ಏನು ಹೊಳೆಯಿತೋ,
ಅದರ ಬಾಯಿಂದ ಒಂದು ಕೆಂಪು ರಬ್ಬರಿನ ಉಂಗುರ ಬಿಡಿಸಿ
ಬೆಳಕಿಗೆ ಹಿಡಿದ, ಮೂಗಿಗೆ ಹಿಡಿದ,
ಹಳೆಯದನ್ನು ನಮ್ಮ ಕಡೆ ತಿರುಗಿಸಿ ಅಳತೆ ನೋಡಿದ.
ಕೂದಲೆಳೆಯಷ್ಟು ದೊಡ್ಡದು.
ಹೊಸಿಲ ಕಲ್ಲಿಗೆ ಉಜ್ಜಿದ. ನೋಡಿದ. ಉಜ್ಜಿದ.
ದಾಟಿ ಬರಬೇಕಾದ ಗಿರಾಕಿಗಳು
ಬೀದಿಯಲ್ಲೇ ನಿಂತು ಕಾದರು.
ಹಿಡಿ ಎಳೆದಾಗ ಮುದುಕ ಯಂತ್ರ ಒಮ್ಮೆ ಕೆಮ್ಮಿ
ಗಂಟಲು ಸರಿಮಾಡಿಕೊಂಡಿತು.
ಒಂದು ಹನಿ ಸೋರಲಿಲ್ಲ.

'ಎಷ್ಟು ದಿನಕ್ಕೆ ಗ್ಯಾರಂಟಿ?' ಚಿಕ್ಕಮ್ಮ, ಸೊಂಟದ ಮೇಲೆ ಕೈ.
'ನಾಳೆ ಬೆಳಗಿನವರೆಗೆ.'
'ಅಷ್ಟೇನಾ?'
'ನಾಳೆ ಕೇಳು, ಇನ್ನೊಂದು ದಿನ ಕೊಡುತ್ತೇನೆ.'

ರಬ್ಬರಿನ ಘಾಟಿರುತ್ತದೆಂದು ಮೊದಲ ಲೋಟ ಮೋರಿಗೆ ಸುರಿದೆ.
ಎರಡನೆಯದು ಒಕ್ಬಾಯ್‌ಗೆ, ಸಕ್ಕರೆ ಮೂರು ಚಮಚ.
ಅವನ ಹತ್ತಿರ ದುಡ್ಡು ತಗೊಳ್ಳುವ ಹಾಗಿಲ್ಲ.
ಚಿಕ್ಕಮ್ಮ ತಗೊಂಡಳು.