ಒಂಬತ್ತೂವರೆಯ ಒಳಗೆ

ಮೂವತ್ತೊಂದು ವರ್ಷ ಮಂಜೇಶ್ವರದ ಐಸ್ ಪ್ಲಾಂಟಿನಲ್ಲಿ
ನೀರನ್ನು ಗಡ್ಡೆ ಮಾಡಿದವನು ನಾನು.
ಉಪ್ಪುನೀರ ತೊಟ್ಟಿ, ತಗಡಿನ ಡಬ್ಬ, ಅಮೋನಿಯಾದ ಘಾಟು,
ಕೊಕ್ಕೆ ಹಾಕಿ ಎಳೆದರೆ ಜಾರಿ ಬರುವ ಐವತ್ತು ಕಿಲೋ.
ಬಂಗುಡೆಗೆ, ಬೂತಾಯಿಗೆ, ಒಮ್ಮೊಮ್ಮೆ
ದೂರದ ನೆಂಟರಿಗಾಗಿ ಕಾಯುವ ಹೆಣಕ್ಕೆ.

ತಾನಾಗಿ ಆಗುವ ಗಡ್ಡೆಯನ್ನು ನೋಡಿರಲಿಲ್ಲ.

ಕ್ಯಾರೆಟ್ ಲಾರಿಯ ಮಾಸಿಲಾಮಣಿ ಹೇಳಿದ್ದ:
ನೀಲಗಿರಿಯಲ್ಲೊಂದು ಗವಿಯಿದೆ,
ಪನಿ ಬಿದ್ದ ರಾತ್ರಿ ಅದರ ಬಾಯಿಗೆ ಹಲ್ಲು ಮೂಡುತ್ತದೆ,
ಒಂಬತ್ತೂವರೆಗೆ ಉದುರುತ್ತದೆ.
ಐತ ನಕ್ಕ. ಕರೆಂಟಿಲ್ಲದೆಯಾ?
ಹಾಗಾದರೆ ಒಂದು ತುಂಡು ತಾ.

ಮಂಜೂರಿನಾಚೆಯ ಹಟ್ಟಿಯಲ್ಲಿ, ಬೆಳಗಿನ ನಾಲ್ಕಕ್ಕೆ,
ತಲೆಗೆ ಬಿಳಿ ವಸ್ತ್ರ ಬಿಗಿದು ಮಾದಿ ಕಾಯುತ್ತಿದ್ದಳು.
ಅವಳ ಬಡಗ, ನನ್ನ ಕನ್ನಡ:
ಬಾಲ್ಯದಲ್ಲಿ ಒಂದೇ ಕಂಬಳಿ ಎಳೆದಾಡಿ
ಆಮೇಲೆ ಬೇರೆ ಬೇರೆ ಮನೆ ಹೊಕ್ಕ ಅಕ್ಕತಂಗಿಯರು.
ಅರ್ಧ ತಿಳಿಯಿತು. ಮಿಕ್ಕರ್ಧವನ್ನು ಟಾರ್ಚು ಹೇಳಿತು.

ಚಹಾದ ಸಾಲು ದಾಟಿದೆವು. ಎಲೆಗಳೆಲ್ಲ ಕರಕಲು.
ಬೆಂಕಿಯಾ? ಅಂದೆ.
ಚಳಿ ಸುಟ್ಟದ್ದು, ಅಂದಳು.
ನನ್ನ ಅಂಗೈಯ ಹಳೆಯ ಕಲೆಯನ್ನು ತೋರಿಸಿದೆ,
ಪೈಪು ಸೋರಿದ ದಿನದ್ದು.
ಟಾರ್ಚು ಹಾಕಿ ನೋಡಿದಳು,
ಗಿಡ ನೋಡಿದ ಹಾಗೇ ನೋಡಿದಳು.

ಹುಲ್ಲುಗಾವಲು ಕಾಲಡಿಯಲ್ಲಿ ಹಪ್ಪಳ.
ಒಂದೊಂದು ಹೆಜ್ಜೆಗೂ ಏನೋ ಮುರಿದೆನೆಂಬ ನಾಚಿಕೆ.
ಏರು ಹತ್ತುವಾಗ ನನ್ನ ಉಸಿರು
ಹಳೇ ಕಂಪ್ರೆಸರಿನ ಹಾಗೆ, ಮೂರು ಬಾರಿ ಎಳೆದು
ನಾಲ್ಕನೆಯದಕ್ಕೆ ನಿಲ್ಲುತ್ತಿತ್ತು.
ಅವಳು ಅದಕ್ಕೂ ನಿಂತಳು.

ಮಾತು ಹೊರಳಿ ಪನಿಯ ಮೇಲೆ ಬಂತು.
ತಮಿಳಿನವನಿಗೆ ಪನಿಯೆಂದರೆ ಈ ಬಿಳುಪು.
ನಮ್ಮ ತುಳುವಿನ ಅಂಗಳದಲ್ಲಿ ಪನಿಯೆಂದರೆ
ಕೊಡೆ ಬಿಡಿಸಲೋ ಬೇಡವೋ ಎಂಬಷ್ಟು ಮಳೆ.
ಕನ್ನಡದ ಬಾಯಿಗೆ ಬಂದಾಗ ಅದೇ ಹನಿ.
ಪಾಲು ಹಾಲಾಯಿತು, ಪೂವು ಹೂವಾಯಿತು;
ತುಟಿ ಬಿಗಿಹಿಡಿದದ್ದನ್ನು ಉಸಿರು ಬಿಟ್ಟುಕೊಟ್ಟಿತು.
ಯಾರ ಒಲೆಯ ಬಳಿ, ಯಾವ ಬೆಳಗ್ಗೆ ಹೀಗೆ ಕರಗಿತೋ,
ಹೇಳುವವರಿಲ್ಲ.

ಗವಿ ದೊಡ್ಡದೇನಲ್ಲ. ಎರಡು ಎತ್ತು ಕಟ್ಟಬಹುದು.
ಬಂಡೆಯ ಅಂಚಿನಿಂದ ಇಳಿದಿದ್ದವು
ಬೆರಳುದ್ದ, ಮೊಳದುದ್ದ, ಒಂದು ನನ್ನೆತ್ತರ.
ಯಾರೂ ಅಚ್ಚಿಗೆ ಹೊಯ್ದಿಲ್ಲ.
ನಮ್ಮ ಗಡ್ಡೆಯ ನಡುವೆ ಯಾವಾಗಲೂ
ಒಂದು ಬಿಳಿ ಎಲುಬು ಉಳಿಯುತ್ತದೆ:
ನೀರಿನ ಕೊಳೆ, ಗಾಳಿ, ಅವಸರ
ಹೊರಗೆ ಹೋಗಲು ದಾರಿ ಸಿಗದೆ ನಿಂತದ್ದು.
ಇಲ್ಲಿ ಎಲುಬಿಲ್ಲ.
ಒಂದರೊಳಗೆ ಮಾತ್ರ ಜರಿಗಿಡದ ಎಲೆ,
ಅಲ್ಲಾಡುವ ಮುಂಚೆ ಹಿಡಿದ ಹಾಗೆ.

ಪರೀಕ್ಷಿಸುವ ಚಾಳಿ. ಉಗುರಿನಿಂದ ತಟ್ಟಿದೆ.
ಸದ್ದು ಚೆನ್ನಾಗಿತ್ತು. ಒಳ್ಳೇ ಮಾಲು, ಅಂದುಬಿಟ್ಟೆ,
ಮಾದಿ ಬಗ್ಗಿ ಬಗ್ಗಿ ನಕ್ಕಳು.

ಎಂಟು ಐವತ್ತಕ್ಕೆ ಬಿಸಿಲು ಹೊಸ್ತಿಲು ತುಳಿಯಿತು.
ಮೊದಲ ತೊಟ್ಟು ಬಿದ್ದದ್ದು ಕೇಳಿಸಿತು.
ಆಮೇಲೆ ಯಾವುದು ಎಲ್ಲಿ ಬೀಳುತ್ತಿದೆಯೆಂದು
ಲೆಕ್ಕ ಇಡಲಾಗಲಿಲ್ಲ.
ಕರಗುವುದನ್ನು ತಡೆಯುವುದೇ ಕಸುಬಾಗಿದ್ದವನು
ಕೈಕಟ್ಟಿ ನಿಂತೆ.
ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿ
ನಷ್ಟವನ್ನು ಯಾರೂ ನನ್ನ ಹೆಸರಿಗೆ ಬರೆಯಲಿಲ್ಲ.

ಎಲೆಯಿದ್ದ ತುಂಡನ್ನು ಭತ್ತದ ಹೊಟ್ಟು ತುಂಬಿದ ಡಬ್ಬದಲ್ಲಿ,
ಫ್ಲಾಸ್ಕಿನೊಳಗಿಟ್ಟು ಹೂತೆ. ಕೆಲಸ ನನಗೆ ಗೊತ್ತು.
ಕೊಯಮತ್ತೂರಿನವರೆಗೂ ಅಲುಗಾಡಿಸಿದರೆ ಟಣ್ ಅನ್ನುತ್ತಿತ್ತು.
ಶೊರನೂರಿನ ನಂತರ ಅಲುಗಾಡಿಸಲಿಲ್ಲ.

ಮೀನಿನ ಲಾರಿಗಳ ನಡುವೆ ಐತನ ಮುಂದೆ ಮುಚ್ಚಳ ತೆರೆದೆ.
ಅರ್ಧ ಲೋಟ ನೀರು, ಒಂದು ಜರಿಯೆಲೆ.
ಅವನು ನೋಡಿದ. ಮೂಸಿದ.
ಎಲೆಯನ್ನು ಬದಿಗೆ ಸರಿಸಿ ಒಂದು ಗುಟುಕು ಕುಡಿದ.

ಉಪ್ಪಿಲ್ಲ, ಅಂದ.

ಸೈರನ್ ಆಯಿತು. ಇಬ್ಬರೂ ಒಳಗೆ ಹೋದೆವು.