ಐದು ಗ್ರೌಂಡು

ಚೌಬಾರದ ಹಿಂದಿನ ಓಣಿ. ಮೂರು ಮೆಟ್ಟಿಲಿಳಿದರೆ ಬಿದ್ರಿ ಕಾರಖಾನೆ.
ಅರದ ಸದ್ದು, ಮೈಲುತುತ್ತದ ವಾಸನೆ,
ಸುತ್ತಿಗೆಯ ಪೆಟ್ಟಿಗೊಮ್ಮೆ ನಡುಗುವ ನನ್ನ ಲ್ಯಾಪ್‌ಟಾಪು.
ಸೆವಿಯಾದಿಂದ ಅಸುನ್ಸಿಯೋನ್ ಎಂಬಾಕೆ ಬರೆದಿದ್ದಾಳೆ:
ಹೂಜಿ, ಹುಕ್ಕಾ ಬುಡ, ದೀಪದ ಕಂಬ, ಎಲ್ಲದರ ವಿವರ
ಸ್ಪ್ಯಾನಿಷಿನಲ್ಲಿ ಬೇಕು, ಶುಕ್ರವಾರದೊಳಗೆ.
ಕಲಬುರಗಿಯಲ್ಲಿ ಒಂಬತ್ತು ತಿಂಗಳು ಕಲಿತ ಸ್ಪ್ಯಾನಿಷ್ ನನ್ನದು;
ಅದರಲ್ಲಿ ಎರಡು ತಿಂಗಳು ಮೇಷ್ಟ್ರಿಗೆ ಕಾಮಾಲೆ.

ಯಾರೋ ಎಂದೋ ಬರೆದಿಟ್ಟ ಇಂಗ್ಲಿಷ್ ಕ್ಯಾಟಲಾಗು.
ಮೊದಲ ಪುಟದಲ್ಲೇ ಗ್ರೌಂಡ್, ಐದು ಸಲ.
ಬೆಳ್ಳಿ ಹೂವಿನ ಹಿಂದಿನ ಕಪ್ಪು ಗ್ರೌಂಡು.
ಕೋಟೆಯೊಳಗಿನ, ಬಿಸಿಲು ಕಾಣದ ಗ್ರೌಂಡು.
ನವಸಾಗರದ ಜೊತೆ ನುಣ್ಣಗಾದದ್ದೂ ಗ್ರೌಂಡು.
ಈ ಕಸುಬು ಅಳಿದೀತೆಂಬ ಭಯಕ್ಕೆ ಗ್ರೌಂಡಿದೆ,
ಈ ಸಾಲು ಯಾರೋ ಅಧಿಕಾರಿಯದಿರಬೇಕು.
ಐದನೆಯದು ದೀಪದ ಕಂಬದ ಕೆಳಗೆ, ವೈರಿನ ಪಕ್ಕ.
ಅದನ್ನು ಬಿಡಿಸಿದವನು ವೈರಿಂಗ್ ಬಕ್ಕಪ್ಪ:
"ಅರ್ಥಿಂಗ್, ಅಕ್ಕಾ. ಅದಿರಲಿಲ್ಲಂದ್ರ ಶಾಕ್ ಹೊಡೀತದ."
ಅರ್ಥ ಇಲ್ಲದೆ ಶಾಕ್ ಹೊಡೆಸಿಕೊಂಡೇ ಕೂತಿದ್ದೆ ನಾನು.

ಇಂಗ್ಲಿಷಿನವ ಜಿಪುಣ. ಒಂದೇ ಅಂಗಿ,
ಮದುವೆಗೂ, ಮಣ್ಣಿಗೂ, ಹೊಲಕ್ಕೂ.
ಸ್ಪೇನಿನವಳ ಪೆಟ್ಟಿಗೆಯಲ್ಲಿ ಬೇರೆ ಬೇರೆ ಮಡಿಕೆ:
ಸುವೇಲೊ ಕಾಲಡಿಯದು,
ಫೊಂದೊ ಹೂವಿನ ಹಿಂದಿನದು, ಬಾವಿಯ ತಳವೂ ಅದೇ,
ಮೊಲಿದೊ ಅರೆದದ್ದು, ಮೆಣಸು ಗಿಣಸು,
ತಿಯೆರ್ರಾ ಮಣ್ಣು. ಸರಿ, ಎಂದು ಬರೆದೆ.
ಬರೆದ ಮೇಲೆ ಡಿಕ್ಷನರಿ ಹೇಳಿತು: ಊರೂ ತಿಯೆರ್ರಾವೇ,
ದೂರ ಹೋದವರು ನೆನೆಯುವ ಊರು.
ಒಂದು ಹಿಡಿ ಮಣ್ಣು ಕೇಳಿದ್ದಕ್ಕೆ
ಹುಟ್ಟಿದೂರನ್ನೇ ಹೊತ್ತು ತಂದು ಅಂಗಳಕ್ಕೆ ಇಳಿಸಿತ್ತು.

"ಯಾಕ ಹಂಗ ಕುಂತೀ, ಹಲ್ಲು ನೋವೇನು?" ಅಂದರು ಮಕ್ದೂಮ್ ಮಾಮು,
ಕಲಮಿನ ತುದಿಯನ್ನು ಕಲ್ಲಿಗೆ ತೀಡುತ್ತ.
ಹೇಳಿದೆ. ನಕ್ಕರು.
"ನಮ್ಮಲ್ಲಿ ಇದಕ್ಕೆಲ್ಲಾ ಒಂದೇ ಮಾತು, ಜಮೀನ್.
ಹೂವಿನ ಹಿಂದಿಂದು ಜಮೀನ್. ಕಾಲಾಗಿಂದೂ ಜಮೀನ್.
ನಮ್ಮಪ್ಪ ಗಜಲ್ ಕಟ್ತಿದ್ದ. ಅದಕ್ಕೂ ಮೊದಲು
ಜಮೀನ್ ಹುಡುಕಬೇಕಂತಿದ್ದ, ಅಂದ್ರ ಕಾಫಿಯಾ, ರದೀಫ್, ಅದರ ನಡಿಗಿ.
ಅಷ್ಟು ಜಮೀನಿತ್ತು ನೋಡು ನಮ್ಮಪ್ಪಗ.
ತಹಶೀಲ್ ಕಚೇರ್ಯಾಗ ಮಾತ್ರ ಒಂದು ಗುಂಟೇನೂ ಇರಲಿಲ್ಲ."

"ಮತ್ತ ಅರೆದದ್ದಕ್ಕ?"
"ಅದಕ್ಕಿಲ್ಲ." ಸ್ವಲ್ಪ ಹೊತ್ತು ಸುಮ್ಮನಾದರು.
ಆಮೇಲೆ ಮೂಲೆಯ ಡಬ್ಬಿಯಿಂದ ಚಿಟಿಕೆ ಮಣ್ಣು ತೆಗೆದು
ತಮ್ಮ ನಾಲಿಗೆಗಿಟ್ಟರು, ನನ್ನ ಅಂಗೈಗೂ ಇಷ್ಟು.
ಬೀದರಿನಲ್ಲಿ ಹುಟ್ಟಿ ಇಪ್ಪತ್ತಾರಾಯಿತು,
ಬೀದರನ್ನು ತಿಂದದ್ದು ಅದೇ ಮೊದಲು.
ಉಪ್ಪಲ್ಲ. ಒಗರೂ ಅಲ್ಲ.
ಹಳೆಯ ಬೀಗದ ಕೈಯನ್ನು ಹಲ್ಲಲ್ಲಿ ಕಚ್ಚಿಕೊಂಡ ಹಾಗೆ.
"ಇದನ್ನ ಬರಿ," ಅಂದರು.
ಹೇಗೆ ಬರೆಯಲಿ?

ಗುರುವಾರ ರಾತ್ರಿ ಕರೆಂಟು ಹೋಗಿ, ಬಂದು, ಹೋಗಿ,
ಅವಸರದಲ್ಲಿ ಮಾತುಗಳು ಅದಲುಬದಲಾದವು.
ಫೊಂದೊ ಇರಬೇಕಾದಲ್ಲಿ ಮೊಲಿದೊ ಹೋಗಿ ಕೂತಿತು.
ಕಳಿಸಿ ಮೂರು ದಿನಕ್ಕೆ ಕಂಡಿತು. ಎದೆ ಧಸಕ್ಕೆಂದಿತು.
ಅಷ್ಟರಲ್ಲಿ ಉತ್ತರ:
ಇಪ್ಪತ್ತು ಹೂಜಿ, ಎರಡು ದೀಪದ ಕಂಬ. ಮುಂಗಡ ಹಾಕಿದ್ದೇನೆ.
ಒಂದು ಸಂಶಯ.
ಅರೆದ ಕಪ್ಪಿನ ಮೇಲೆ ಬೆಳ್ಳಿ ಹೂವು ಎಂದಿದ್ದೀರಿ.
ಏನನ್ನು ಅರೆಯುತ್ತೀರಿ? ರಾತ್ರಿಯನ್ನೇ?

ತಿದ್ದುಪಡಿ ಬರೆಯುವುದಿತ್ತು. ಮೊದಲು ಮಾಮುಗೆ ಓದಿ ಹೇಳಿದೆ.
ಮಣ್ಣಿನ ನೀರಿನಿಂದೆತ್ತಿದ ಬಿಸಿ ಹೂಜಿಯನ್ನು
ಎಣ್ಣೆಯ ಅರಿವೆಯಲ್ಲಿ ಒರೆಸುತ್ತಿದ್ದರು; ಬೂದಿಬಣ್ಣದ ಮೈ
ಬೆರಳಗಲ ಬೆರಳಗಲ ಕಪ್ಪಾಗುತ್ತಿತ್ತು, ಬೆಳ್ಳಿ ಬೆಳ್ಳಿಯಾಗೇ ಇತ್ತು.
"ಹೌದಂತ ಬರಿ," ಅಂದರು.
"ಭಾಳ ನುಣ್ಣಗ ಅರೆಯಂಗಿಲ್ಲ ಅಂತನೂ ಬರಿ. ಕೈ ನೋಯ್ತಾವ."